ಸೊನ್ನೆ ಬಲದ ಚಮರಿ ಎತ್ತುಗಳು

ಆಟ್‌ಬಾಶಿ,
ಮಾರ್ಚ್ ಒಂಬತ್ತು

ನನ್ನ ಮುದ್ದು ಎಲ್ದಿಯಾರ್‌ಗೆ,

ಅಜ್ಜಿಯ ಮುತ್ತುಗಳು. ಹೇಗಿದ್ದೀಯ ಕಂದಾ? ಗಡಿ ಠಾಣೆಯಲ್ಲಿ ಚಳಿ ವಿಪರೀತವಂತೆ. ನಾನು ಹೆಣೆದ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತೀಯೋ, ಪೆಟ್ಟಿಗೆಯಲ್ಲೇ ಇಟ್ಟಿದ್ದೀಯೋ? ಹೊಟ್ಟೆ ತುಂಬ ಊಟ ಹಾಕುತ್ತಾರಾ? ಸೈನ್ಯದವರು ನಿನ್ನ ಫೋನ್ ಕಿತ್ತಿಟ್ಟುಕೊಂಡದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ನನ್ನ ಕೋಳಿಕಾಲಿನ ಬರಹ ನೀನೆಲ್ಲಿ ಓದುತ್ತಿದ್ದೆ! ನನ್ನ ಮಂಡಿ ನೋವು ಹಾಗೇ ಇದೆ. ಕಂದು ಹಸು ಹೆಣ್ಣುಕರು ಹಾಕಿದೆ.

ಹೊರಡುವ ದಿನ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿ, "ಅಜ್ಜೀ, ಮೂರು ವರ್ಷ ಕಟ್ಟಿದ ಕೋಟೆ ಇದು, ನಾನು ಬರೋವರೆಗೂ ಜೋಪಾನ" ಅಂದಿದ್ದೆಯಲ್ಲ, ಆ ವಿಷಯಕ್ಕೇ ಬರುತ್ತಿದ್ದೇನೆ, ತಾಳು. ಕಳೆದ ವಾರ ನಿನ್ನ ಆಟದಲ್ಲಿ ಕರಿ ಬಾವುಟದವರು ಯುದ್ಧ ಸಾರಿದರು. ನಿನ್ನ ಗೆಳೆಯ ಕುಬಾನಿಚ್, ಅವನಕ್ಕ ಸೈಕಾಲ್ ಮಧ್ಯಾಹ್ನದ ಊಟ ಮುಗಿಯುತ್ತಲೇ ಓಡಿ ಬಂದರು. ನಾನು ಎಣ್ಣೆಯಲ್ಲಿ ಬೋರ್ಸೊಕ್ ಹಿಟ್ಟಿನುಂಡೆ ಕರಿದು, ಚಹಾ ಬಗ್ಗಿಸಿ, ಇಬ್ಬರ ನಡುವೆ ಕೂತೆ. ಕರಿ ಬಾವುಟದವರ ಕಡೆ ಮೂವತ್ತು ಸಾವಿರ ಸೈನಿಕರು, ಮೇಲೆ ಬೆಂಕಿ ಉಗುಳುವ ನಾಲ್ಕು ರೆಕ್ಕೆಹಾವು. ನಮ್ಮ ನೀಲಿ ಬಾವುಟಕ್ಕೆ ಬರೀ ಹನ್ನೊಂದು ಸಾವಿರ. "ಗೋಡೆ ಗಟ್ಟಿ ಇದೆ, ಒಳಗೇ ಕೂತು ಹೊಡೆಯೋಣ" ಅಂತ ಕುಬಾನಿಚ್. "ಲೋ ಪೆದ್ದ, ಹಾವೇನು ಗೋಡೆ ಹತ್ತಿ ಬರುತ್ತಾ? ಹಾರ್ಕೊಂಡ್ ಬರುತ್ತೆ ಕಣೋ!" ಅಂತ ಸೈಕಾಲ್.

ನನಗೆ ಕುತೂಹಲ ತಡೆಯಲಾಗಲಿಲ್ಲ. ಆ ಹಾವು ದಿನಕ್ಕೆ ಎಷ್ಟು ತಿನ್ನುತ್ತದೆ? ಹನ್ನೊಂದು ಸಾವಿರ ಜನಕ್ಕೆ ರೊಟ್ಟಿ ಸುಡುವವರು ಯಾರು? ಹಿಮ ಬಿದ್ದಿರುವಾಗ ಕುದುರೆಗೆ ಹುಲ್ಲೆಲ್ಲಿಂದ? ಕುಬಾನಿಚ್ ಹಣೆ ಚಚ್ಚಿಕೊಂಡ: "ಅಯ್ಯೋ, ಇದು ಆಟ ಕಣಜ್ಜೀ!" ಸೈಕಾಲ್ ಮಾತ್ರ ಹುಡುಕಿ ನೋಡಿದಳು. ಕಣಜದಲ್ಲಿ ಇದ್ದದ್ದು ಆರೇ ದಿನದ ಧಾನ್ಯ!

ಕೋಟೆಯ ಹಿಂಬದಿಯ ಕಣಿವೆ ದಾರಿ ಹಿಡಿಯೋಣವೆಂದರೆ, ಅಲ್ಲಿ ಕುದುರೆಗಳು ಎದೆಮಟ್ಟ ಹಿಮದಲ್ಲಿ ಹೂತುಹೋಗುತ್ತವಂತೆ. ಸೈನ್ಯದ ಪಟ್ಟಿಯ ಕೊನೆಯಲ್ಲಿ ಸಾಮಾನು ಹೊರುವ ಚಮರಿ ಎತ್ತುಗಳು ಕಂಡವು. ಎದುರಿಗೆ ಬರೆದಿತ್ತು: ಬಲ ಸೊನ್ನೆ. ಸೊನ್ನೆಯಂತೆ, ಸೊನ್ನೆ! ನಿನ್ನ ತಾತ ನಲವತ್ತು ವರ್ಷ ಕುರಿಮಂದೆಯನ್ನು ಕಣಿವೆ ದಾಟಿಸಿದ್ದು ಯಾರ ಬೆನ್ನ ಹಿಂದೆ? ಚಮರಿಗಳು ಮುಂದೆ ನಡೆದು ಹಿಮ ತುಳಿದರೆ ಎಳೆಯ ಮರಿಯೂ ದಾಟುತ್ತದೆ. "ಮುಂದೆ ಬಿಟ್ಟು ನೋಡ್ರೋ, ನಿಮ್ಮಪ್ಪನ ಗಂಟೇನು ಹೋಗುತ್ತೆ?" ಅಂದೆ. ಬಿಟ್ಟರು. ಆ ಆಟ ಮಾಡಿದವನು ಬೆಟ್ಟದ ಕಡೆಯವನೇ ಇರಬೇಕು, ಚಮರಿಗಳ ಹಿಂದೆ ದಾರಿ ಬಿಟ್ಟುಕೊಂಡಿತು. ಸೈಕಾಲ್ ನನ್ನ ಕೆನ್ನೆ ಹಿಂಡಿಯೇಬಿಟ್ಟಳು.

ಒಂದು ಮಾತ್ರ ತಿಳಿಯಲಿಲ್ಲ. ಆ ಹನ್ನೊಂದು ಸಾವಿರದಲ್ಲಿ ಒಬ್ಬನನ್ನು ಒತ್ತಿ ನೋಡಿದೆ, ಹೆಸರೇ ಬರಲಿಲ್ಲ. ನಿಮ್ಮ ಠಾಣೆಯಲ್ಲಿ ಹೆಸರು ಹಿಡಿದು ಕರೆಯುತ್ತಾರೋ, ನಂಬರು ಹೇಳಿಯೋ? ಮರೆಯದೆ ಬರೆ.

ಹೋದ ಹಾಗೇ ಗಟ್ಟಿಮುಟ್ಟಾಗಿ ಮನೆ ಸೇರು, ನನ್ನ ಆಯಸ್ಸೂ ನಿನಗಿರಲಿ.

ನಿನ್ನ ಅಜ್ಜಿ,
ಊಲ್ಕಾನ್

ತಾ.ಕ.: ಇಷ್ಟು ಹೊತ್ತು ಬರೆಯಲು ಧೈರ್ಯ ಬರಲಿಲ್ಲ. ಕೋಟೆ ಹೋಯಿತು, ಎಲ್ದಿಯಾರ್. ಬಾಗಿಲು ತೆರೆದಿಟ್ಟು ಎಲ್ಲರೂ ಹೊರಡಿ ಅಂದವಳು ನಾನೇ. ಕುಬಾನಿಚ್‌ನನ್ನು ಬೈಯಬೇಡ, ಅವನು ಅತ್ತೇಬಿಟ್ಟ. ಹನ್ನೊಂದು ಸಾವಿರವೂ ಕಣಿವೆ ದಾಟಿ ಆಚೆ ಸೇರಿದೆ, ಒಬ್ಬನೂ ಕಡಿಮೆಯಿಲ್ಲ. ನನ್ನನ್ನು ಬೈಯುವುದಿದ್ದರೆ ಮನೆಗೆ ಬಂದು ಬೈ. ಅಲ್ಲಿ ನಿಮ್ಮ ಸಾಹೇಬರು ಬಲ ಎಣಿಸುವಾಗ ನಿನ್ನನ್ನು ಒಂದು ಅಂತ ಎಣಿಸುತ್ತಾರೆ. ನನ್ನ ಕಡೆ ಇರುವುದೇ ಆ ಒಂದು.