ಕೇಬಲ್ ತುಂಡಾದ ದಿನ

ನೆರೂಳ, ನವಿ ಮುಂಬೈ
೯ ಆಗಸ್ಟ್ ೨೦೨೫

ಪ್ರೀತಿಯ ಭೀಮು,

ಹೇಗಿದ್ದೀಯ? ಮೂರು ವಾರದಿಂದ ನಿನ್ನ ಫೋನ್ ಎತ್ತಿಲ್ಲ, ಮೆಸೇಜಿಗೂ ಉತ್ತರ ಕೊಟ್ಟಿಲ್ಲ. ತಪ್ಪಾಯಿತು. ವಾಟ್ಸಾಪಿನಲ್ಲಿ ಎಷ್ಟೋ ಸಲ ಬರೆದು ಅಳಿಸಿದೆ. ಕೊನೆಗೆ ಕಾಗದ ತೆಗೆದುಕೊಂಡೆ. ನೀನು ಕನ್ನಡ ಶಾಲೆಯಲ್ಲಿ ಓದಿದವನು, ನಾನು ಅಮ್ಮನ ಹತ್ತಿರ ಅಕ್ಷರ ಕಲಿತವಳು. ಒತ್ತಕ್ಷರ ತಪ್ಪಿದ್ದರೆ ನಗಬೇಡ.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಸೋಮವಾರದಿಂದ ಮನೆಯಲ್ಲೇ ಇದ್ದೇನೆ. ಅಮ್ಮನಿಗೆ ರಜೆ ಎಂದು ಹೇಳಿದ್ದೇನೆ. ಅವಳು ದಿನಾ ಒಂದೊಂದು ತಿಂಡಿ ಮಾಡಿ ಮುಂದಿಡುತ್ತಾಳೆ. "ಚೆನ್ನಾಗಿದ್ಯೇನೇ?" ಅಂದರೆ ಹೂಂ ಅನ್ನುತ್ತೇನೆ. ತಿಂದದ್ದು ಉಪ್ಪಿಟ್ಟೋ ಅವಲಕ್ಕಿಯೋ ಮಧ್ಯಾಹ್ನದ ಹೊತ್ತಿಗೆ ನೆನಪಿರುವುದಿಲ್ಲ.

ಮೂರು ವಾರದ ಹಿಂದೆ ನಮ್ಮ ಏರ್‌ಲೈನಿನ ಪೈಲಟ್ ಸಂದರ್ಶನ ಮುಗಿಸಿ ನೀನು ನನ್ನನ್ನು ಕಾಣಲು ದಿವಾ ಸ್ಟೇಷನ್ನಿಗೆ ಬಂದೆ. ಟೈ ಬಿಚ್ಚಿ ಜೇಬಿಗೆ ತುರುಕಿದ್ದೆ. "ಲಾಗ್‌ಬುಕ್ ತಿರುವಿ ಗ್ಲೈಡರ್ ಪುಟಕ್ಕ ನಿಂತ್ರು. ಎಂಜಿನ್ ಇಲ್ಲದ್ದು ಏನ್ ಕಲಿಸ್ತು ಅಂತ ಕೇಳಿದ್ರು. ನಾ ಕೇಬಲ್ ತುಂಡಾದ್ದು ಹೇಳ್ದೆ. ಒಬ್ಬರ ಮಾರಿ ಒಬ್ಬರು ನೋಡಿದ್ರು. ಈ ಕಥಿ ಮೊದಲೇ ಕೇಳೀವಿ ಅಂದ್ರು. ಯಾಕಂದ್ರು ಹರ್ಷಿತಾ? ನಾ ಸುಳ್ಳ ಹೇಳೀನೇನು?" ಎಂದೆ. ಆಮೇಲೆ ನೀನೇ, "ಬ್ಯಾರೆ ಯಾರಿಗರ ಹಂಗೇ ಆಗಿರಬೇಕು ಬಿಡು" ಎಂದೆ. "ಬಿಡೋ, ಬೇರೆ ಏರ್‌ಲೈನ್ ಇದೆಯಲ್ಲ" ಅಂದೆ ನಾನು. ಠಾಣೆ ಕಡೆಯ ಲೋಕಲ್ ಬಂತು. ನಾನು ಹತ್ತಿಬಿಟ್ಟೆ.

ಆ ಕೇಬಲ್ಲಿನ ದಿನವನ್ನು ನಾನು ಕಂಡಂತೆ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ, ಆದರೂ ಓದು. ಪುಣೆಯ ಮೈದಾನ, ಎನ್‌ಸಿಸಿಯ ಎರಡನೇ ವರ್ಷ, ನೀನೊಬ್ಬನೇ ಹಾರುತ್ತಿದ್ದ ಮೂರನೇ ಸಲ. ನಾನು ರೆಕ್ಕೆಯ ತುದಿ ಹಿಡಿದು ಓಡಿ, ಬಿಟ್ಟೆ. ಮೈದಾನದ ಆ ತುದಿಯ ವಿಂಚ್ ಯಂತ್ರ ಕೇಬಲ್ ಸುತ್ತುತ್ತ ಎಳೆಯಿತು, ಗ್ಲೈಡರಿನ ಮೂಗು ಮೇಲೆದ್ದಿತು. ಇನ್ನೂರು ಅಡಿಯೂ ಏರಿರಲಿಲ್ಲ, ಕೇಬಲ್ ಫಟ್ಟನೆ ತುಂಡಾಯಿತು. ನಮಗೆ ಹಾರಲು ಕಲಿಸುತ್ತಿದ್ದ ಹರಿಶ್ಚಂದ್ರ ಸರ್ ರೇಡಿಯೋ ಬಾಯಿಗೆ ತರುವಷ್ಟರಲ್ಲಿ ನೀನು ಮೂಗು ಕೆಳಗೆ ಮಾಡಿಯಾಗಿತ್ತು. ನೆಲ ಎದುರಿಗೆ ಬರುವಾಗ ಮೂಗು ಎತ್ತಲು ಯಾರ ಕೈಯಾದರೂ ಸ್ಟಿಕ್ಕನ್ನು ಹಿಂದಕ್ಕೆ ಎಳೆಯುತ್ತದೆ. ನೀನು ಎಳೆಯಲಿಲ್ಲ. ವೇಗ ಬರುವವರೆಗೆ ಕಾದೆ, ಆಮೇಲೆ ನೇರ ಮುಂದೆ ಇಳಿಸಿದೆ. ಸರ್ ಏದುಸಿರು ಬಿಡುತ್ತ ಬಂದು ಹೇಗೆ ಹೊಳೆಯಿತೋ ಎಂದಾಗ, "ಎಂಜಿನ್ ಇಲ್ಲಲ್ಲ ಸರ್, ಕಾಯೂದ ಬಿಟ್ರ ಬ್ಯಾರೆ ಏನದ?" ಅಂದೆ.

ಫ್ಲೈಯಿಂಗ್ ಸ್ಕೂಲಿನಲ್ಲಿ ನಾವು ಗ್ಲೈಡರ್ ಹಾರಿಸಿದ ಗಂಟೆಗಳನ್ನು ಗಾಳಿಪಟದ ಗಂಟೆಗಳೆಂದು ನಕ್ಕರು. ಈಗ ನೂರೆಂಬತ್ತು ಜನರನ್ನು ಹಿಂದೆ ಕೂರಿಸಿಕೊಂಡು ಇಳಿಯುವಾಗ, ಉಳಿದ ಎತ್ತರದಲ್ಲಿ ಎಷ್ಟು ದೂರ ಹೋಗಬಹುದು ಎಂಬುದು ಪರದೆಗಿಂತ ಮೊದಲು ನನ್ನ ಬೆನ್ನಿಗೆ ಗೊತ್ತಾಗುತ್ತದೆ. ಅದು ಆ ಮೈದಾನ ಕೊಟ್ಟದ್ದು. ನಿನಗೆ ನನಗಿಂತ ಹೆಚ್ಚು ಕೊಟ್ಟಿದೆ. ಸ್ಕಾಲರ್‌ಶಿಪ್ಪಿಗಾಗಿ ಎರಡು ವರ್ಷ ಕಾಯಬೇಕಾಗಿರದಿದ್ದರೆ ನನಗಿಂತ ಮೊದಲೇ ಆ ಸಂದರ್ಶನಕ್ಕೆ ನೀನು ಹೋಗುತ್ತಿದ್ದೆ.

ದಿವಾದಿಂದ ಬಂದ ಮರುದಿನ ಇಂದೋರಿಗೆ ಹಾರಿದೆ. ಅಡ್ಡಗಾಳಿಯಿತ್ತು, ಚೆನ್ನಾಗಿ ಇಳಿಸಿದೆ. ಕ್ಯಾಪ್ಟನ್ ಮೆಚ್ಚಿದರು. ಸಂತೋಷವೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಬೇರೆ ಯಾರದೋ ಕೈ ಎಂಬಂತೆ ನನ್ನ ಕೈಯನ್ನೇ ನೋಡುತ್ತ ಕುಳಿತಿದ್ದೆ. ಆಮೇಲಿನ ದಿನಗಳೂ ಹಾಗೇ ಹೋದವು.

ನಿನ್ನ ಅವ್ವ ಶರಣಬಸಮ್ಮನವರಿಗೆ ನನ್ನ ನಮಸ್ಕಾರ ತಿಳಿಸು. ಹಾರುವುದನ್ನು ಬಿಡಬೇಡ ಭೀಮು. ನಿನಗೆ ಒಳ್ಳೆಯದಾಗಲಿ.

ನಿನ್ನ ಗೆಳತಿ,
ಹರ್ಷಿತಾ

ಸಹಿ ಹಾಕಿದ ಮೇಲೆ: ಆ ಕಥೆಯನ್ನು ಹೋದ ವರ್ಷ ನನ್ನ ಸಂದರ್ಶನದಲ್ಲಿ ಅವರಿಗೆ ಹೇಳಿದವಳು ನಾನು. ಅದೇ ಕೋಣೆ, ಅದೇ ಪ್ರಶ್ನೆ. 'ನನ್ನ ಗೆಳೆಯ' ಎನ್ನಲು ಬಾಯಿ ತೆರೆದೆ, 'ನಾನು' ಎಂದು ಬಂತು. ಅವರು ಪೆನ್ನು ಕೆಳಗಿಟ್ಟು ಕೇಳತೊಡಗಿದರು. ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಸರ್‌ಗೆ ನೀನು ಕೊಟ್ಟ ಉತ್ತರವನ್ನೂ ನನ್ನದೆಂದೇ ಹೇಳಿದೆ. ದಿವಾದಲ್ಲಿ ನೀನು 'ಯಾಕಂದ್ರು' ಎಂದು ಕೇಳಿದಾಗಲೇ ನನಗೆ ಗೊತ್ತಿತ್ತು.

ಸೋಮವಾರ ಕಚೇರಿಗೆ ಹೋಗಿ ಎಲ್ಲವನ್ನೂ ಬರೆದು ಕೊಟ್ಟೆ. ವಿಚಾರಣೆ ಮುಗಿಯುವವರೆಗೆ ಹಾರುವಂತಿಲ್ಲ ಎಂದಿದ್ದಾರೆ. ನಿನ್ನನ್ನು ಮತ್ತೆ ಕರೆಯುತ್ತಾರೋ ಇಲ್ಲವೋ ಹೇಳಲಿಲ್ಲ. ಕರೆದರೆ ನನ್ನನ್ನು ಉಳಿಸಲು ಒಂದು ಮಾತೂ ಆಡಬೇಡ. ನೀನು ಆಡುವವನೆಂದು ಗೊತ್ತಿರುವುದರಿಂದ ಇದನ್ನು ಬರೆದೆ.