ಆಸಾಡಿಯ ನೆಂಟಸ್ತಿಕೆ

೧೯-೭-೪೯, ಕುಂದಾಪುರ

ಸೀರೆ ಇಂದೂ ಒಣಗಲಿಲ್ಲ. ಒಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದೆ — ಈಗ ಮೈಯೆಲ್ಲ ಹೊಗೆ, ಒಣಮೀನಿನ ವಾಸನೆ. ಕೊಲಂಬೊದಲ್ಲಿ ಅಪ್ಪಯ್ಯನ ಒಣಮೀನಿನ ಅಂಗಡಿಯಲ್ಲೇ ಬೆಳೆದವಳಿಗೆ ಅದೇನು ಹೊಸದೇ?

ಊರು ನೋಡಿ ಬಾ ಎಂದು ಅಪ್ಪಯ್ಯ ಹಡಗು ಹತ್ತಿಸಿದ್ದು ಈ ಮಳೆಯಲ್ಲಿ! ದೋಣಿಗಳೆಲ್ಲ ತೆಂಗಿನ ಮಡಲು ಹೊದ್ದು ದಡದಲ್ಲಿ ಮಲಗಿವೆ. ನಾನೊಬ್ಬಳು ಕೊಡೆ ಹಿಡಿದು ಊರು ನೋಡುವವಳು. ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಭಾಸ್ಕರನ ಜೊತೆ ಮದುವೆ ಎರಡು ಸಲ ಗೊತ್ತಾಗಿ ಎರಡು ಸಲವೂ ನಿಂತಿತು. ಒಮ್ಮೆ ನನಗೆ ಟೈಫಾಯ್ಡ್, ಒಮ್ಮೆ ಅವನ ತಾಯಿ ತೀರಿಕೊಂಡರು. ಇನ್ನು ದೀಪಾವಳಿ ಕಳೆದ ಮೇಲೆ. ಈಗ ನಾನು ಅಲ್ಲಿರಬೇಕಿತ್ತು, ಅವನ ಕಣ್ಣೆದುರು.

ಅಕ್ಕು ದೊಡ್ಡಮ್ಮ, ತೀರಿಹೋದ ಅಮ್ಮನ ಅಕ್ಕ, ನನ್ನನ್ನು ಕಂಡದ್ದೇ ಇದು ಮೊದಲು. ಗಲ್ಲ ಸವರಿ ಹೇಳಿದ್ದು ಒಂದೇ ಮಾತು: "ಬಾಗಿ ಇದ್ದಿದ್ರೆ ಹೀಂಗೇ ಇರ್ತಿತ್ತ್, ಗಿರಿಜಾ."

ಬಾಗಿ ನನ್ನ ಅಕ್ಕ. ನಾನು ಹುಟ್ಟುವ ಮೊದಲೇ, ಮೂರು ವರ್ಷದವಳಿದ್ದಾಗ, ಇಲ್ಲೇ ಸಿಡುಬಿನಲ್ಲಿ ಹೋದವಳು.

೨೧-೭

ಕೋಟೇಶ್ವರ. ದೇವಸ್ಥಾನ, ದೊಡ್ಡ ಕೆರೆ. ಕೆರೆಯ ಮೇಲೆ ಮಳೆ ಬೀಳುವುದನ್ನು ನೋಡುತ್ತ ಇನ್ನಷ್ಟು ನಿಲ್ಲುತ್ತಿದ್ದೆ... ದೊಡ್ಡಮ್ಮ ಬಿಡಬೇಕಲ್ಲ. ಎಳೆದುಕೊಂಡು ಯಾರದೋ ಮನೆಗೆ ಹೊರಟಳು. ಬೆಲ್ಲ, ನೀರು ಕೊಟ್ಟರು. ಒಳಗೆ ಪಿಸುಮಾತು.

"ಮಾಣಿಗೆ ಎಷ್ಟ್ ವರ್ಷ?"

"ಇಪ್ಪತ್ತೈದ್."

ಹುಡುಗನ ಸುಳಿವಿಲ್ಲ. ನನ್ನ ಕಡೆಗೂ ಯಾರೂ ತಿರುಗಿ ನೋಡಲಿಲ್ಲ. ಗಂಡು ಹುಡುಕುವುದೇ ಆದರೆ ಇದೆಂಥ ಗಂಡು ಹುಡುಕುವುದು? ಅಪ್ಪಯ್ಯನಿಗೆ ಭಾಸ್ಕರ ಬೇಡವಾದನೇ?

೨೪-೭

ಕಿರಿಮಂಜೇಶ್ವರ. ಹೊಳೆಗೆ ದೋಣಿ, ಆಮೇಲೆ ಬಸ್ಸು. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಕೊಲಂಬೊದ ಗಾಲ್‌ಫೇಸ್ ಕಡಲದಂಡೆ ಇದರೆದುರು ಏನೂ ಅಲ್ಲ — ಒಪ್ಪಲೇಬೇಕು. ದೇವರಿಗೆ ಕೈಮುಗಿದದ್ದೇ ತಡ, ಮತ್ತೊಂದು ಮನೆ. ಅಲ್ಲೂ ಹುಡುಗನಿಲ್ಲ. "ಬಳಿ ಒಂದೇ ಆಯ್ತ್, ಆತಿಲ್ಲೆ," ಎಂದು ದೊಡ್ಡಮ್ಮ ಎದ್ದಳು. ಒಂದೇ ಬಳಿಯೆಂದರೆ ಒಂದೇ ಕುಲ, ಮದುವೆ ಕೂಡದು.

ಬರುವಾಗ ದೋಣಿಯಲ್ಲೇ ಜಗಳ ತೆಗೆದೆ. "ನಂಗೆ ಗಂಡ್ ನಿಶ್ಚಯ ಆಯ್ತ್ ದೊಡ್ಡಮ್ಮ. ಇನ್ನ್ ಯಾರ್ನೂ ಹುಡುಕ್‌ಬೇಡ."

ಅವಳು ನಕ್ಕುಬಿಟ್ಟಳು. "ನಿಂಗಲ್ಲ ಮಾರಾಯ್ತಿ! ಆಸಾಡಿಯಂಗೆ ಬದ್ಕಿದ್ದರಿಗೆ ಯಾರಾರೂ ಗಂಡ್ ಹುಡುಕ್ತ್ರಾ?"

ಸಂಜೆ

ಎಲ್ಲ ಹೇಳಿದಳು. ಆಸಾಡಿ ತಿಂಗಳಲ್ಲಿ ಬದುಕಿರುವವರ ಮದುವೆ ನಡೆಯುವುದಿಲ್ಲ. ಮದುವೆಯಾಗದೆ ಸತ್ತವರಿಗೆ ಅದೇ ಕಾಲ. ಹುಡುಕುತ್ತಿರುವುದು ಬಾಗಿಗೆ ಗಂಡು. ಸತ್ತ ಗಂಡು. ಅಕ್ಕನ ಮದುವೆಯಾಗದೆ ತಂಗಿಯದಾಗಲು ಬಾಗಿ ಬಿಡುವುದಿಲ್ಲವಂತೆ. ನನ್ನ ಟೈಫಾಯ್ಡೂ ಅವಳದೇ ಕೆಲಸ, ಭಾಸ್ಕರನ ತಾಯಿಯ ಸಾವೂ ಅವಳದೇ. ಅಪ್ಪಯ್ಯನೇ ಹೇಳಿ ಕಳಿಸಿದ್ದು.

"ಮೂರ್ ವರ್ಷದ್ ಮಗುಗೆ ಎಂತ ಮದಿ?"

"ಸತ್ತ್ ಮಕ್ಕಳೂ ಬೆಳೀತೊ ಹೆಣೆ. ಬಾಗಿಗೆ ಈಗ ಇಪ್ಪತ್ತ್‌ಮೂರ್."

ನಗಲು ನೋಡಿದೆ, ಆಗಲಿಲ್ಲ. ಆದರೂ ಒಪ್ಪಿಕೊಂಡೆ. ಭಾಸ್ಕರ ಸಿಗುವುದಾದರೆ ಅಕ್ಕನಿಗೆ ಒಂದಲ್ಲ ಹತ್ತು ಮದುವೆ ಮಾಡಲಿ.

೨೯-೭

ಹಂಗಾರಕಟ್ಟೆ. ಅಳಿವೆಯ ದಡದಲ್ಲಿ, ಚಪ್ಪರದ ಕೆಳಗೆ, ಅರ್ಧ ಕಟ್ಟಿದ ದೊಡ್ಡ ದೋಣಿ. ಕಟ್ಟುತ್ತಿದ್ದ ಭೋಜ ಹೋದ ವರ್ಷ ಇದೇ ಅಳಿವೆಯಲ್ಲಿ ಮುಳುಗಿದ. ಅವನ ತಾಯಿ ಜಲಜಮ್ಮ. ಇದ್ದವನು ಒಬ್ಬನೇ ಮಗ. ಪಾಪ ಅನ್ನಿಸಿತು.

"ಮಾಣಿಗೆ ನಾಚ್ಗಿ ಜಾಸ್ತಿ," ಎಂದಳು. "ಜನ ಬಂದ್ರೆ ಹೊರ್ಗೆ ಬತ್ತಿಲ್ಲ."

ದೊಡ್ಡಮ್ಮ ಹೌದೌದೆಂದು ತಲೆಯಾಡಿಸಿದಳು! ಬಳಿ ಬೇರೆ, ಎಲ್ಲ ಕೂಡಿಬಂತು. ಇದುವರೆಗೆ ಯಾರೂ ನೋಡದ ನನ್ನನ್ನು ಜಲಜಮ್ಮ ಮಾತ್ರ ಅಡಿಯಿಂದ ಮುಡಿಯವರೆಗೆ ನೋಡಿದಳು. ಬಳೆಯ ಅಳತೆಗೆಂದು ಕೈ ಹಿಡಿದವಳು ಬಹಳ ಹೊತ್ತು ಬಿಡಲಿಲ್ಲ.

೫-೮

ಆಯಿತು. ದೊಡ್ಡಮ್ಮನ ಮನೆಯಲ್ಲೇ, ಎರಡು ಮಣೆ. ಒಂದರ ಮೇಲೆ ಬಿಳಿ ಪಂಚೆ, ಅಂಗಿ. ಇನ್ನೊಂದರ ಮೇಲೆ ಸೀರೆ, ಕುಪ್ಪಸ, ಬಳೆ. ವಾಲಗವಿಲ್ಲ. ನೆರೆಮನೆಯ ಮಕ್ಕಳನ್ನೆಲ್ಲ ಹೊರಗೆ ಓಡಿಸಿದರು.

ಬಾಗಿಗೆ ಕೈಯಿಲ್ಲವಲ್ಲ — ನನ್ನ ಕೈ. ಭೋಜನ ಬದಲು ಅವನ ಸೋದರಮಾವ, ಜಲಜಮ್ಮನ ತಮ್ಮ, ಕೈಯೊಡ್ಡಿದ. ಧಾರೆಯ ನೀರು ನನ್ನ ಅಂಗೈ ಮೇಲೆ ಬಿತ್ತು. ನೀರೆಲ್ಲ ಹರಿದ ಮೇಲೂ ನನ್ನ ಕೈಯ ಕೆಳಗೆ ಇನ್ನೊಂದು ಕೈ ಇತ್ತು. ತಲೆಯೆತ್ತಿ ನೋಡಿದರೆ ಆ ಮಾವ ಆಗಲೇ ಎದ್ದು ಹೋಗಿ ಬಾಗಿಲಲ್ಲಿ ನಿಂತಿದ್ದಾನೆ.

ಮಳೆಯ ಚಳಿಗೆ ಕೈ ಮರಗಟ್ಟಿದ್ದಿರಬೇಕು. ಅಷ್ಟೇ.

ಹುಡುಗಿಯ ಸೀರೆಯನ್ನು ಗಂಡಿನ ಮನೆಗೆ ಮುಟ್ಟಿಸಿ, ಎರಡು ದಿನ ಇದ್ದು ಬರಬೇಕಾದದ್ದು ತಂಗಿಯೇ ಅಂತೆ. ದೊಡ್ಡಮ್ಮ ಜೊತೆಗೆ ಬರುತ್ತಾಳೆ, ಧೈರ್ಯ.

೬-೮, ಹಂಗಾರಕಟ್ಟೆ

ಮಧ್ಯಾಹ್ನ ಒಳಕೋಣೆಯಲ್ಲಿ ಗಂಡಹೆಂಡಿರಿಗೆ ಎರಡು ಎಲೆ ಬಡಿಸಿ ಬಾಗಿಲು ಮುಚ್ಚಿದರು. ತೆರೆದಾಗ ಒಂದು ಎಲೆ ಇಟ್ಟ ಹಾಗೇ ಇದೆ. ಇನ್ನೊಂದರ ಅನ್ನ ಗೋಡೆಯ ಬುಡದವರೆಗೆ ಚೆಲ್ಲಿದೆ. ತಾನೇ ಉಣ್ಣುತ್ತೇನೆಂದು ಹಟ ಹಿಡಿದ ಮಗು ಚೆಲ್ಲಿದ ಹಾಗೆ.

"ಕಾಕಿ," ಎಂದಳು ದೊಡ್ಡಮ್ಮ.

ಕಾಗೆ ಬರಲು ಆ ಕೋಣೆಗೆ ಕಿಟಕಿಯೇ ಇಲ್ಲ.

೭-೮

ಇಂದು ಹೊರಡಬೇಕು. ಮಳೆಗೆ ರಸ್ತೆ ಕಡಿದಿದೆಯಂತೆ. ಬಸ್ಸು ವಿಚಾರಿಸಲು ದೊಡ್ಡಮ್ಮ, ಜಲಜಮ್ಮನ ತಮ್ಮ ಬೆಳಿಗ್ಗೆಯೇ ಸಾಸ್ತಾನಕ್ಕೆ ಹೋದರು. ಮನೆಯಲ್ಲಿ ನಾವಿಬ್ಬರೇ.

ಜಲಜಮ್ಮನ ಕಣ್ಣು ಕೆಂಪಾಗಿತ್ತು. ಕೇಳಿದೆ.

"ನಿದ್ದಿ ಇಲ್ಲೆ ಮಗಾ. ಅದ್ ರಾತ್ರಿಯಿಡೀ ಮರ್ಕ್‌ತ್. ಅಬ್ಬಿ ಬೇಕ್ ಅಂತ್."

"ಅಮ್ಮ ಬೇಕ್ ಅಂತ ಅಳೂದ್ ಯಾರ್?"

"ಬಾಗಿ. ಅದ್ ಬೆಳೀಲಿಲ್ಲೆ ಹೆಣೆ. ಮೂರ್ ವರ್ಷದ್ದ್, ಹಾಂಗೇ ಇತ್ತ್."

"ಹಾಂಗಾರೆ ಈ ಮದಿ...?"

"ಮದಿ ಸಮಾ ಆಯ್ತಲೆ," ಎಂದಳು, ತೀರಾ ಮೆತ್ತಗೆ. "ಧಾರಿ ನೀರ್ ಬಿದ್ದದ್ದ್ ನಿನ್ನ್ ಕೈ ಮೇಲ್ ಅಲ್ದಾ?"

ಮಧ್ಯಾಹ್ನ

ದೊಡ್ಡಮ್ಮ ಬಂದಿಲ್ಲ. ಜಗಲಿಯಲ್ಲಿ ಕೂತಿದ್ದೇನೆ, ಇಲ್ಲಿಂದ ದಾರಿ ಕಾಣುತ್ತದೆ. ಹೆದರಿಕೆ, ಬರೀ ಹೆದರಿಕೆ. ಭಾಸ್ಕರನ ಮುಖ ನೆನೆಸಿಕೊಳ್ಳುತ್ತೇನೆ — ಹಣೆ ಬರುತ್ತದೆ, ಮೂಗು ಬರುತ್ತದೆ, ಕಣ್ಣು ಬರುವುದಿಲ್ಲ.

ಜಲಜಮ್ಮ ಬಟ್ಟಲಿನಲ್ಲಿ ಹಾಲು ತಂದು ನನ್ನ ಪಕ್ಕ, ಖಾಲಿ ಜಾಗದಲ್ಲಿ ಇಟ್ಟು ಹೋದಳು. ಒಳಕೋಣೆಯಲ್ಲಿ ಎಲೆ ಹಾಕುತ್ತಿದ್ದಾಳೆ. ಎರಡು.

"ಬಾ ಹೆಣೆ, ಅವ ಕೂಕಂಡ್ ಆಯ್ತ್."

ಹೋಗುವುದಿಲ್ಲ. ದೊಡ್ಡಮ್ಮ ಬರುವವರೆಗೂ ಬರೆಯುತ್ತಲೇ ಇರುತ್ತೇನೆ, ಬರೆಯುತ್ತಿರುವವಳನ್ನು ಎಬ್ಬಿಸಲಿಕ್ಕಾಗುವುದಿಲ್ಲ.

ಇನ್ನೊಮ್ಮೆ ಕರೆದರು. ಗಂಡಸಿನ ದನಿ. ನಾಚಿಕೆಯ ದನಿ.

ನನ್ನ ಹೆಸರು ಗಿರಿಜಾ. ಕೊಲಂಬೊದವಳು. ದೀಪಾವಳಿ ಕಳೆದ ಮೇಲೆ ಭಾಸ್ಕರನ ಜೊತೆ ನನ್ನ ಮದು