ಹಿಟ್ಟು ಹದವಾಗುವ ತನಕ ರಾಜ ಸಾಯುವಂತಿಲ್ಲ

ನಮ್ಮದೇ ಅಡುಗೆಮನೆ,
ಭಾನುವಾರ, ತಾರೀಖು ಹದಿನಾಲ್ಕು, ಮಧ್ಯಾಹ್ನ ಮೂರು ಗಂಟೆ

ನನ್ನ ಅರ್ಧ ರಾಜ್ಯದ ಒಡತಿಗೆ, ಉಳಿದರ್ಧವನ್ನೂ ಎಂದೋ ಕಿತ್ತುಕೊಂಡವಳಿಗೆ, ಪ್ರೀತಿಯ ಮುಜುರೆ.

ಮೊದಲು ಮಣಿಕಟ್ಟಿನ ಸಮಾಚಾರ ಬರೆ. ಬಾವು ಇಳಿಯಿತೇ? ಡಾಕ್ಟರು ಕೊಟ್ಟ ಸ್ಪಂಜಿನ ಚೆಂಡನ್ನು ದಿನಕ್ಕೆ ಮೂರು ಸಲ ಹಿಚುಕುತ್ತಿದ್ದೀಯೋ, ಇಲ್ಲ ಅದನ್ನು ತಂಗಿಯ ಮನೆಯ ಬೆಕ್ಕಿಗೆ ಆಡಲು ಕೊಟ್ಟಿದ್ದೀಯೋ? ಎಡಗೈಯಲ್ಲಿ ಬರೆದ ನಿನ್ನ ಕಾಗದ ಬಂತು. ಅಕ್ಷರಗಳು ಕುಡಿದವರ ಹಾಗೆ ಒಂದರ ಹೆಗಲಿಗೆ ಒಂದು ಒರಗಿ ನಿಂತಿದ್ದವು. ಆದರೂ ನನ್ನ ಬಲಗೈ ಬರಹಕ್ಕಿಂತ ವಾಸಿ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಗೋಡೆಗಳಿಗೆಲ್ಲ ಕೇಳುವಂತೆ ಓದಿದೆ. ಕೊನೆಯ ಸಾಲಿಗೆ ಬಂದಾಗ ಕೂತುಬಿಟ್ಟೆ. "ನಾದೋ ಮೇಜನ್ನ ಬಡಗಿಗೆ ಕೊಟ್ಟುಬಿಡಿ. ಈ ಕೈಯಿಂದ ಇನ್ನು ಬ್ರೆಡ್ ಆಗೋದಿಲ್ಲ. ಅದು ಅಲ್ಲಿ ನಿಂತಿರೋ ತನಕ ನಾನು ಮನೆಗೆ ಬರೋದಿಲ್ಲ." ಅಬ್ಬಬ್ಬಾ! ರಂಗದ ಮೇಲೆ ಮೂವತ್ತು ವರ್ಷ ಗಜಗಟ್ಟಲೆ ಶಾಪ ಕೇಳಿಸಿಕೊಂಡ ಮನುಷ್ಯ ನಾನು. ಇಷ್ಟು ಚಿಕ್ಕ ಶಾಪ ಇಷ್ಟು ಆಳಕ್ಕೆ ಇಳಿದದ್ದಿಲ್ಲ.

ಮೇಜಿನ ಮಾತು ಹಾಗಿರಲಿ. ನಿನ್ನ ಸಾಮ್ರಾಜ್ಯದಲ್ಲಿ ನಿನ್ನೆ ನಾನು ನಡೆಸಿದ ದಂಡಯಾತ್ರೆಯ ಕಥೆ ಕೇಳು. ನೀನು ಮೆಟ್ಟಿಲಲ್ಲಿ ಜಾರಿದಂದಿನಿಂದ ಶನಿವಾರ ಬ್ರೆಡ್ ಮಾರುವ ನಮ್ಮ ಕಿಟಕಿ ತೆರೆದಿಲ್ಲ. ಕೊಳ್ಳಲು ಬಂದವರು ಮುಚ್ಚಿದ ಕಿಟಕಿ ನೋಡಿ, ನಿನ್ನ ಕೈ ಹೇಗಿದೆಯೆಂದು ಕೇಳಿ, ಬರಿಗೈಯಲ್ಲಿ ಹೋಗುತ್ತಾರೆ. ನನಗೆ ರಕ್ತ ಕುದಿಯಿತು. ಪಂಚೆ ಎತ್ತಿ ಕಟ್ಟಿದೆ. ಕಾಬೂಲಿ ಕಡಲೆ ನೆನೆಹಾಕಿ ಬೇಯಿಸಿದೆ. ನಿನ್ನ ಅರಬ್ಬಿ ಚಟ್ನಿ ಹಮ್ಮಸ್ ರೇಷ್ಮೆಯಂತಾಗಬೇಕಾದರೆ ಒಂದೊಂದು ಕಾಳಿನ ಸಿಪ್ಪೆಯನ್ನೂ ಬಿಡಿಸಬೇಕೆಂದು ನೀನು ಹೇಳಿದಾಗಲೆಲ್ಲ ನಕ್ಕವನು ನಾನು. ನಿನ್ನೆ ಎರಡು ಗಂಟೆ ಕೂತು ಬಿಡಿಸಿದೆ, ಒಂದೊಂದಕ್ಕೂ ಕ್ಷಮೆ ಕೇಳಿದೆ. ಎಳ್ಳು, ಬೆಳ್ಳುಳ್ಳಿ, ನಿಂಬೆರಸ ಸೇರಿಸಿ ಕಲ್ಲಿನ ಕುಟ್ಟಾಣಿಯಲ್ಲೇ ಅರೆದೆ. ಬದನೆಕಾಯಿ ಉರಿಯ ಮೇಲೆ ಖಳನಾಯಕನ ಹಾಗೆ ಬುಸುಗುಟ್ಟಿ, ಕಪ್ಪಾಗಿ, ಕೊನೆಗೆ ಕುಸಿದು ಬಿತ್ತು. ಅದರ ತಿರುಳಿಗೆ ಆಲಿವ್ ಎಣ್ಣೆ ಸುರಿದು ಸಂಸ್ಕಾರ ಮಾಡಿದೆ. ಇಲ್ಲಿಯವರೆಗೂ ಜಯ, ಜಯ!

ಆಮೇಲೆ ಬ್ರೆಡ್. ನಾದುವ ಹೊತ್ತಿನ ಲೆಕ್ಕ ನಮಗೆ ಗೊತ್ತಿರುವುದೇ ಅಲ್ಲವೇ? ನೀನು ಹಿಟ್ಟಿಗೆ ಕೈಹಾಕಿದಾಗ ನಾನು ನನ್ನ ಹಳೆಯ ನಾಟಕದ ಸೋತ ರಾಜನ ಕೊನೆಯ ಮಾತನ್ನು ಶುರುಮಾಡುತ್ತಿದ್ದೆ. ರಾಜ ಸತ್ತು ಬಿದ್ದಾಗ ಹಿಟ್ಟು ಹದವಾಗಿರುತ್ತಿತ್ತು. ಗಡಿಯಾರ ಯಾರಿಗೆ ಬೇಕು! ನಿನ್ನೆಯೂ ಹಾಗೇ ಘರ್ಜಿಸುತ್ತ ನಾದಿದೆ. ಆದರೆ ನಾದುವವನೂ ನಾನೇ, ಸಾಯುವವನೂ ನಾನೇ. ಉಸಿರು ಸಾಲದೆ ರಾಜ ಅರ್ಧದಲ್ಲೇ ಪ್ರಾಣಬಿಟ್ಟ. ಓವನ್ನಿನಿಂದ ಹೊರಬಂದದ್ದನ್ನು ಎದುರುಮನೆಯ ದರ್ಜಿ ಬೆರಳಿನಿಂದ ತಟ್ಟಿ ನೋಡಿದ. "ಯಜಮಾನ್ರೇ, ಇದನ್ನ ತಿನ್ನೋದಾ, ಇಲ್ಲ ಬಾಗಿಲು ಬಡಿಯದ ಹಾಗೆ ಅಡ್ಡ ಇಡೋದಾ?" ಎಂದ. ನಾಲಿಗೆಗೂ ಕತ್ತರಿ ಇಟ್ಟುಕೊಂಡಿದ್ದಾನೆ ಅವನು.

ರಾಜ ಬೇಗ ಸತ್ತ, ಅದಕ್ಕೇ ಹೀಗಾಯಿತು ಎಂದು ನಾನು ವಾದ ಹೂಡಿದೆ. ದರ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಪ್ಪತ್ತು ವರ್ಷದಿಂದ ಆಚೆ ಕಿಟಕೀಲಿ ಕೂತು ಕೇಳ್ತಿದ್ದೀನಿ. ನಿಮ್ಮ ರಾಜ ಒಂದು ದಿನವೂ ಒಂದೇ ಹೊತ್ತಿಗೆ ಸತ್ತಿದ್ದಿಲ್ಲ. ಚಳೀಲಿ ಕಾಲುಗಂಟೆ ಜಾಸ್ತಿ ಬದುಕ್ತಿದ್ದ. ಹಿಟ್ಟು ಬೇರೆ ಅಂಗಡೀದಾದ್ರೆ ಬೇಗ ಹೋಗ್ತಿದ್ದ. ಅಕ್ಕ ಹೆಬ್ಬೆರಳಲ್ಲಿ ಒತ್ತಿ ನೋಡಿ, 'ಸಾಕು ರೀ, ಇನ್ನು ಸತ್ತುಬಿಡಿ' ಅಂದ್ಮೇಲೇ ಅಲ್ವಾ ನೀವು ಬೀಳ್ತಿದ್ದದ್ದು?"

ಕೇಳಿ ಕಲ್ಲಾದೆ, ಆ ಬ್ರೆಡ್ಡಿಗಿಂತಲೂ ಕಲ್ಲಾದೆ. ಇಷ್ಟು ವರ್ಷ ನನ್ನ ಅಭಿನಯದ ಬಿಸಿಗೆ ಹಿಟ್ಟು ಹದಗೊಳ್ಳುತ್ತಿದೆ ಎಂದುಕೊಂಡಿದ್ದೆನಲ್ಲ ಮಾರಾಯ್ತಿ! ನೀನು ಹೇಳಿದಾಗ ಎದ್ದು, ಹೇಳಿದಾಗ ಬಿದ್ದವನು ನಾನು. ನಾದುವುದಕ್ಕೆ ತೋಳು ಬೇಕು. ಬೀದಿಯಲ್ಲಿ ಹತ್ತು ಜೊತೆ ಸಿಗುತ್ತವೆ, ನನ್ನದೂ ಒಂದಿದೆ. ಸಾಕೆನ್ನುವುದು ಮಾತ್ರ ಈ ಮನೆಯಲ್ಲಿ ಒಬ್ಬಳಿಗೇ ಗೊತ್ತು. ಒತ್ತಿ ನೋಡಲು ಎಡಗೈ ಹೆಬ್ಬೆರಳೇ ಸಾಲದೇ? "ಈ ಕೈಯಿಂದ ಆಗೋದಿಲ್ಲ" ಎಂದು ಬರೆದೆಯಲ್ಲ, ಅದನ್ನು ಓದುತ್ತ ನನಗೆ ಸಿಟ್ಟು ಬರಲಿಲ್ಲ. ಕೈ ಮುರಿದುಕೊಂಡವಳು ನೀನು, ಹೆದರಿಕೊಂಡು ಕೂತವನು ನಾನು. ನೀನಿಲ್ಲದ ಮನೆಯಲ್ಲಿ ನನ್ನ ದನಿ ಗೋಡೆಗೆ ಬಡಿದು ನನಗೇ ವಾಪಸು ಬರುತ್ತಿದೆ.

ಹಮ್ಮಸ್ ಮಾತ್ರ ದರ್ಜಿ ಬಟ್ಟಲು ನೆಕ್ಕಿ ಖಾಲಿ ಮಾಡಿದ. ಇದು ಆತ್ಮಪ್ರಶಂಸೆಯಲ್ಲ, ಸಾಕ್ಷಿ ಸಮೇತ ವರದಿ.

ತಂಗಿಗೆ ನನ್ನ ಆಶೀರ್ವಾದ, ಷಡ್ಡಕನಿಗೆ ನಮಸ್ಕಾರ, ಬೆಕ್ಕಿಗೆ ಎಚ್ಚರಿಕೆ.

ನಿನ್ನ ಆಜ್ಞೆಯಿಲ್ಲದೆ ಸಾಯಲೂ ಬಾರದ
ನಿನ್ನವನು

ತಾ.ಕ.: ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಲು ದರ್ಜಿ ಬಾಗಿಲಲ್ಲಿ ಕಾಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಬೈಯಬೇಡ. ಮೇಜನ್ನು ಬಡಗಿಗೆ ಕೊಡಿ ಎಂದೆಯಲ್ಲ, ಕೊಟ್ಟೆ. ಇವತ್ತು ಬೆಳಿಗ್ಗೆ ಬಂದ, ನಾಲ್ಕೂ ಕಾಲನ್ನು ಒಂದೊಂದು ಗೇಣು ಕೊಯ್ದ, ಅಲ್ಲೇ ಇಟ್ಟು ಹೋದ. ಈಗ ಕುರ್ಚಿಯಲ್ಲಿ ಕೂತು ಹೆಬ್ಬೆರಳಲ್ಲಿ ಹಿಟ್ಟು ಒತ್ತಿ ನೋಡುವವರ ಮೊಣಕೈಗೆ ಸರಿಯಾಗಿದೆ. ನಿಂತು ನಾದುವವನು ಮಾತ್ರ ಅರ್ಧಕ್ಕೆ ಬಗ್ಗಬೇಕು. ಬಗ್ಗಿ ನೋಡಿದೆ, ಸೊಂಟ ಹಿಡಿದುಕೊಂಡಿತು. ಕೊಯ್ದ ಕಾಲು ಮತ್ತೆ ಬೆಳೆಯುವುದಿಲ್ಲ. ಕುರ್ಚಿಯಲ್ಲಿ ಕೂರುವವಳು ಬಾರದಿದ್ದರೆ ಆ ಮೇಜು ಇನ್ನು ಯಾರ ಉಪಯೋಗಕ್ಕೂ ಬಾರದು. ಯಾವ ಬಸ್ಸು, ಎಷ್ಟು ಗಂಟೆಗೆ, ಅಷ್ಟೇ ಬರೆ.